ಸೊಟ್ಟ ತಟ್ಟೆ ನಡೆದ ದಾರಿ

ಸಾಂಬಾರಿನ ತಳ ಹಿಡಿದ ವಾಸನೆ ಮೂಗಿಗೆ ಬಡಿದಾಗ ನಾನು ಮದರಾಸಿನ ತ್ರಿಪ್ಲಿಕೇನಿನ ಒಂದು ಮೆಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಈಗ ಮೆಸ್ಸು, ಮೊದಲು ಅದು ನಾನು ಹುಟ್ಟಿ ಬೆಳೆದ ಬಾಡಿಗೆ ಮನೆ. ನಾವು ಬಿಟ್ಟ ಮೇಲೆ ಮಾಲೀಕರು ಮಹಡಿಯನ್ನು ಬ್ರಹ್ಮಚಾರಿಗಳ ಲಾಡ್ಜು ಮಾಡಿ, ಕೆಳಗೆ ಅವರ ಹೊಟ್ಟೆಗೆ ದಾರಿ ಮಾಡಿದ್ದರು. ಮಧ್ಯಾಹ್ನದ ಹೊತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಡಿಸುವವನು ನನ್ನನ್ನು ನೋಡಿ, "ಉಳ್ಳೆ ಇಡಂ ಇಲ್ಲೆಮ್ಮಾ, ಇಂಗೇ ಉಕ್ಕಾರುಂಗ" ಎಂದು ಹಿಂದಿನ ಸಂದಿನಲ್ಲಿ ಹಾಕಿದ್ದ ಬೆಂಚು ತೋರಿಸಿದ. ನನಗೆ ನಗು ಬಂತು. ಒಳಗೆ ನಿನಗೆ ಜಾಗವಿಲ್ಲ, ಸಂದಿನಲ್ಲಿ ಕೂರು ಎಂದು ಆ ಮನೆಯಲ್ಲಿ ಕೇಳಿಸಿಕೊಂಡದ್ದು ಅದೇ ಮೊದಲಲ್ಲ.

ಸಂದು ಎಂದರೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕಿರಿದಾದ ಜಾಗ. ಮೇಲೆ ಅರ್ಧ ತಗಡು, ಅರ್ಧ ಆಕಾಶ. ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಹುಡುಕಿದ್ದು ಅಲ್ಲೇ ಇತ್ತು. ಕಡಪ ಕಲ್ಲಿನ ಮೇಲೆ ನೇಲ್ ಪಾಲಿಶಿನ ಮೂರು ಕೆಂಪು ಚುಕ್ಕೆ, ಎರಡು ಮಾಸಿವೆ, ಒಂದು ಇನ್ನೂ ನಿಚ್ಚಳ. ಬಕೆಟ್ಟು ಪ್ರತಿ ಸಲವೂ ಅದೇ ಜಾಗದಲ್ಲಿ ಬೋರಲು ಕೂರಬೇಕೆಂದು ನಾನೇ ಇಟ್ಟ ಗುರುತು ಅದು. ಬಕೆಟ್ಟಿನ ಮೇಲೆ ಒಂದು ಕ್ಯಾಮೆರಾ ಕೂರುತ್ತಿತ್ತು. ಅದರ ಎದುರಿಗೆ ಒಂದು ಸೊಟ್ಟ ತಟ್ಟೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ಐಪ್ಪಸಿ ತಿಂಗಳ ಮಳೆ ಮದರಾಸಿಗೆ ಕೈಕೊಟ್ಟಿತ್ತು. ಕಾರ್ತೀಕದಲ್ಲೇ ನೀರಿನ ಲಾರಿ ಬೀದಿಗೆ ಬರಲು ಶುರುವಾಗಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಮನೆಯವರಿಗಿಂತ ಮೊದಲೇ ಎದ್ದು ಸಾಲಿನಲ್ಲಿ ನಿಲ್ಲುತ್ತಿದ್ದವು. ನಾನು ಕಾಲೇಜಿನಲ್ಲಿ ದೃಶ್ಯ ಸಂವಹನದ ಕೊನೆಯ ವರ್ಷದಲ್ಲಿದ್ದೆ. ಚಿತ್ರವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ಸ್ಟಾಪ್ ಮೋಷನ್ ಎಂಬ ವಿದ್ಯೆ ಆಗ ನನ್ನ ತಲೆ ಹೊಕ್ಕಿತ್ತು: ವಸ್ತುವಿನ ಫೋಟೋ ತೆಗೆ, ಅದನ್ನು ಕೂದಲೆಳೆಯಷ್ಟು ಸರಿಸು, ಮತ್ತೊಂದು ತೆಗೆ. ಹನ್ನೆರಡು ಫೋಟೋ ಪೋಣಿಸಿದರೆ ಒಂದು ಸೆಕೆಂಡ್, ನಿರ್ಜೀವ ವಸ್ತು ತಾನೇ ಓಡಾಡುತ್ತದೆ. ಜೊತೆಯವರು ಜೇಡಿಮಣ್ಣು, ಬೆಂಕಿಕಡ್ಡಿ ಆರಿಸಿಕೊಂಡರು. ನಾನು ಊಟ ಆರಿಸಿಕೊಂಡೆ. ನಮ್ಮ ಮನೆಯಲ್ಲಿ ಎಂದೂ ತಪ್ಪದೆ ನಡೆಯುತ್ತಿದ್ದದ್ದು ಅದೊಂದೇ.

ವಿಭಾಗದ ಮೇಷ್ಟ್ರು ಸೆಲ್ವಂ ಸಾರ್ ಕೇಳಿದರು, "ಏನ್ಮಾ, ಹಪ್ಪಳ ಡ್ಯಾನ್ಸ್ ಮಾಡುತ್ತಾ?" ಇಲ್ಲ ಸಾರ್ ಎಂದೆ. ನನ್ನ ತಟ್ಟೆ, ನೂರು ದಿನ, ಮೇಲಿನಿಂದ ನೋಡಿದಂತೆ. ದಿನಕ್ಕೆ ಹನ್ನೆರಡು ಫೋಟೋ, ಒಂದು ದಿನ ಒಂದು ಸೆಕೆಂಡ್. ಅನ್ನ ಬರುತ್ತದೆ, ಹುಳಿ ಬರುತ್ತದೆ, ಪಲ್ಯ ಬರುತ್ತದೆ, ಎಲ್ಲ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಅವರು ತಲೆಯಾಡಿಸಿ ಕಾಲೇಜಿನ ಪುಟ್ಟ ಡಿಜಿಟಲ್ ಕ್ಯಾಮೆರಾಕ್ಕೆ ರುಜು ಹಾಕಿಸಿಕೊಂಡು ಕೊಟ್ಟರು. ಕೆಲಸ ಗೊತ್ತಿದ್ದ ಮನುಷ್ಯ. ಈಗಲೂ ಅವರ ಮೇಲೆ ನನಗೆ ಗೌರವವಿದೆ, ಕೋಪವೂ ಇದೆ.

ಮನೆಯಲ್ಲಿ ಊಟ ಎಂದರೆ ರುಕ್ಕು ಅತ್ತೆ. ಅಪ್ಪನ ಅಕ್ಕ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಂದಿನಿಂದ ಅಡುಗೆಮನೆ ಅವರದು. ಅಮ್ಮ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ಅಪ್ಪ ಬ್ಯಾಂಕಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಪೂರಾ ಊಟ ಮುಗಿಸಿ ಹೊರಡುವ ಮನೆ ನಮ್ಮದು. ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅತ್ತೆಯೇ, ಮರಳು ಹರಡಿದ ಮಣೆಯ ಮೇಲೆ. ತಪ್ಪಿದರೆ ಬೆರಳ ಗೆಣ್ಣಿಗೆ ಸೌಟಿನ ಹಿಡಿ. ನಾನು ತಮಿಳಿನಲ್ಲಿ ಉತ್ತರ ಕೊಟ್ಟರೆ, "ಕನ್ನಡದಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳು" ಎನ್ನುವರು. ಬೀದಿಯ ಮಕ್ಕಳಿಗೂ ಮಗ್ಗಿ ಹೇಳಿಕೊಡುವರು. ಯಾರೂ ಕೇಳಿಕೊಂಡಿರಲಿಲ್ಲ, ಅವರಾಗಿಯೇ ಹಿಡಿದು ಕೂರಿಸುತ್ತಿದ್ದರು.

ಕ್ಯಾಮೆರಾವನ್ನು ತಟ್ಟೆಯ ನೆತ್ತಿಯ ಮೇಲೆ ಅಲ್ಲಾಡದಂತೆ ಕಟ್ಟಬೇಕಿತ್ತು. ಊಟದ ಜಾಗದ ಮೇಲೆ ಗಟ್ಟಿಯಾಗಿದ್ದದ್ದು ಒಂದೇ: ಮಡಿಬಟ್ಟೆ ಒಣಗಿಸುವ ಬಿದಿರು ಗಳ. ಅತ್ತೆಯ ಮಡಿಸೀರೆ ಬಿಟ್ಟರೆ ಅದಕ್ಕೆ ಇನ್ನೊಬ್ಬರ ನೆರಳೂ ತಾಗಬಾರದು. ನಾನು ಸ್ಟೂಲು ಹತ್ತಿ, ಅದರ ಚರ್ಮದ ಚೀಲದ ಸಮೇತ ಕ್ಯಾಮೆರಾ ಕಟ್ಟಿಯೇಬಿಟ್ಟೆ. ಸ್ನಾನ ಮುಗಿಸಿ ಬಂದ ಅತ್ತೆ ಮೇಲೆ ನೋಡಿದರು, ನನ್ನನ್ನು ನೋಡಿದರು.

"ಅದೇನೇ ಅದು, ಬಾವಲಿ ತರ?"

"ಕ್ಯಾಮೆರಾ ಅತ್ತೆ. ಪರೀಕ್ಷೆಗೆ."

"ಗಳಕ್ಕೆ ಚರ್ಮದ ಚೀಲ ತೂಗಿಹಾಕಿ ಯಾವ ಪರೀಕ್ಷೆ ಪಾಸ್ ಮಾಡ್ತೀಯೆ?"

ಪರೀಕ್ಷೆ ಎಂಬ ಮಾತಿಗೆ ಮಾತ್ರ ಅತ್ತೆ ಸ್ವಲ್ಪ ಬಗ್ಗುತ್ತಿದ್ದರು. ಅರ್ಧ ಗಂಟೆ ವಾದ ನಡೆದು ಕರಾರು ಆಯಿತು. ಚರ್ಮದ ಚೀಲ ಹೋಗಬೇಕು. ಅಪ್ಪನ ಹಳೆಯ ಪಂಚೆಯ ಹತ್ತಿ ಪಟ್ಟಿಯಲ್ಲಿ ಕಟ್ಟಬೇಕು. ಗಳದ ಒಂದು ತುದಿ ನನಗೆ, ಉಳಿದದ್ದು ಮಡಿಗೆ. ನೈವೇದ್ಯ ಆಗುವ ತನಕ ಫೋಟೋ ಇಲ್ಲ. "ದೇವರು ನೋಡೋ ಮುಂಚೆ ನಿನ್ನ ಡಬ್ಬಿ ನೋಡಬಾರದು" ಎಂದರು ಅತ್ತೆ. ಒಪ್ಪಿದೆ.

ಶುರುವಾದ ಮೇಲೆ ಅತ್ತೆಗೇ ರುಚಿ ಹತ್ತಿತು. ಬದನೆಕಾಯಿ ಗೊಜ್ಜು ಬಡಿಸುವಾಗ ಕೈ ತಡೆದು, "ಬಂತಾ ನಿಂದು?" ಎಂದು ಕೇಳುವರು. ಕರಿಬೇವಿನ ಎಸಳು ತಟ್ಟೆಯ ಅಂಚಿನಲ್ಲಿ ನಡೆದುಹೋಗುವಂತೆ ನಾನು ಒಂದೊಂದೇ ಬೆರಳಷ್ಟು ಸರಿಸುವಾಗ ಪಕ್ಕದಲ್ಲಿ ನಿಂತು, "ಎಡಕ್ಕೆ ಜಾಸ್ತಿ ಹೋಯ್ತು" ಎಂದು ತಿದ್ದುವರು. ಅಪ್ಪ ಮಾತ್ರ, "ನಿನ್ನ ಹುಳಿ ಆರಿ ನೀರಾಗುತ್ತೆ, ತಿನ್ನೋದು ಯಾವಾಗ?" ಎಂದು ಗೊಣಗುತ್ತಿದ್ದರು.

ಹತ್ತನೆಯ ದಿನ ನಾನು ಹೊರಗಾದೆ.

ನಮ್ಮ ಮನೆಯಲ್ಲಿ ತಿಂಗಳ ಆ ಮೂರು ದಿನ ಅಮ್ಮನಿಗೂ ನನಗೂ ಸಂದೇ ಗತಿ. ಅಲ್ಲೇ ಊಟ, ಅಲ್ಲೇ ಚಾಪೆ. ಅಮ್ಮ ಆ ದಿನಗಳಲ್ಲಿ ಬಸ್ಸಿನ ಕಂಬಿ ಹಿಡಿಯಬಹುದು, ಕಚೇರಿಯಲ್ಲಿ ಇಡೀ ಜಿಲ್ಲೆಯ ಫೈಲು ಮುಟ್ಟಬಹುದು, ಮನೆಗೆ ಬಂದರೆ ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ. ನನ್ನ ಹೆಸರು ಕೊರೆಸಿದ್ದ ಸ್ಟೀಲ್ ತಟ್ಟೆ ಒಳಗೇ ಉಳಿಯುತ್ತಿತ್ತು. ಸಂದಿನ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಇತ್ತು, ಯಾವ ಕಾಲದ್ದೋ, ಅಂಚು ಸೊಟ್ಟ. ಅದರಲ್ಲೇ ಉಣ್ಣಬೇಕು. ಅತ್ತೆ ಅಡುಗೆಮನೆಯ ಹೊಸಿಲಿನ ಆಚೆ ನಿಂತು, ತಾಗದಂತೆ ಮೇಲಿನಿಂದ ಬಡಿಸುವರು.

ಆ ಮೂರು ದಿನ ನಾನು ಫೋಟೋ ತೆಗೆಯಲಿಲ್ಲ. ಹದಿಮೂರನೆಯ ದಿನ ತಲೆಸ್ನಾನ ಮಾಡಿ, ಏನೂ ಆಗಿಲ್ಲವೆಂಬಂತೆ ಗಳದ ಕೆಳಗೆ ಕೂತೆ. ಕಾಲೇಜಿನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರೆ ಒಂಬತ್ತನೆಯ ದಿನದಿಂದ ಹದಿಮೂರಕ್ಕೆ ಅನ್ನದ ಗುಡ್ಡೆ ಸರಾಗವಾಗಿ ದಾಟಿತ್ತು. ಯಾರಿಗೂ ಗೊತ್ತಾಗುವಂತಿರಲಿಲ್ಲ. ನೂರು ದಿನದ ನನ್ನ ಊಟ ಎಂದು ಹೆಸರಿಟ್ಟು, ನಾಚಿಕೆಯಾದ ದಿನಗಳನ್ನು ನಾನೇ ಬಚ್ಚಿಟ್ಟಿದ್ದೆ. ನನ್ನನ್ನು ಹೊರಗಿಟ್ಟವರು ಅತ್ತೆ, ಸರಿ. ಚಿತ್ರದಿಂದ ಹೊರಗಿಟ್ಟವಳು ನಾನು.

ಮುಂದಿನ ತಿಂಗಳು ಹಾಗಾಗಲು ಬಿಡಲಿಲ್ಲ. ಸಂದಿನಲ್ಲಿ ಕೂತು ಅಮ್ಮನನ್ನು ಕೂಗಿ ಕ್ಯಾಮೆರಾ ಬೇಕೆಂದೆ. ಅಮ್ಮ ಗಳದಿಂದ ಬಿಚ್ಚಿ ತಂದರು. ಕೈಗೆ ಕೊಟ್ಟರೆ ಮೈಲಿಗೆ, ಮೇಲಿನಿಂದ ಹಾಕಿದರೆ ಇಲ್ಲ ಎಂಬುದು ಮನೆಯ ಕಾನೂನು. ಹೂವು, ಬಟ್ಟೆ, ಬಾಳೆಹಣ್ಣಿಗೆ ಅದು ಸರಿ. ಅಮ್ಮ ಕಾಲೇಜಿನ ಕ್ಯಾಮೆರಾವನ್ನು ಎರಡು ಅಡಿ ಮೇಲಿನಿಂದ ಹಾಕಲು ಸಿದ್ಧರಾಗಿ ನಿಂತಾಗ ನಾನು ದುಪಟ್ಟ ಜೋಲಿ ಹಿಡಿದೆ. "ಹಾಕ್ಲಾ?" ಎಂದು ಮೂರು ಸಲ ಕೇಳಿ, ಕಣ್ಣುಮುಚ್ಚಿ ಬಿಟ್ಟರು. ಜೋಲಿಗೆ ಬಿತ್ತು. ನಾನೂ ಅಮ್ಮನೂ ಬಹಳ ಹೊತ್ತು ನಕ್ಕೆವು, ಒಳಗಿನಿಂದ ಅತ್ತೆ ಕೆಮ್ಮುವ ತನಕ.

ಆವತ್ತೇ ಬಕೆಟ್ಟು ಬೋರಲು ಹಾಕಿ, ಅದರ ಅಂಚಿಗೆ ಸರಿಯಾಗಿ ಕಲ್ಲಿನ ಮೇಲೆ ಮೂರು ಚುಕ್ಕೆ ಇಟ್ಟೆ. ಸೊಟ್ಟ ತಟ್ಟೆ, ಪಕ್ಕದಲ್ಲಿ ಪೊರಕೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮೂರು ದಿನ, ಮೂರು ಸೆಕೆಂಡ್. ನಾಲ್ಕನೆಯ ದಿನ ಅತ್ತೆ ಕ್ಯಾಮೆರಾವನ್ನು ಒಳಗೆ ಸೇರಿಸಿಕೊಳ್ಳುವ ಮೊದಲು, ನಾನು ಕಾಫಿ ಕುಡಿಯುತ್ತಿದ್ದಾಗ, ತುಳಸಿ ನೀರು ಚಿಮುಕಿಸಿ ಶುದ್ಧ ಮಾಡಿಬಿಟ್ಟಿದ್ದರು. ಒಂದು ಹನಿ ಲೆನ್ಸಿನ ಮೇಲೆ ಒಣಗಿತ್ತು. ನನಗೆ ತಿಳಿದದ್ದು ವಾರದ ಮೇಲೆ. ಆ ವಾರದ ಅನ್ನದ ಮೇಲೆಲ್ಲ ಮಬ್ಬು ಚಂದ್ರ ಒಂದು ಕೂತಿತ್ತು.

ಸೆಲ್ವಂ ಸಾರ್ ನೋಡಿದರು. ತಟ್ಟೆ ಗಕ್ಕನೆ ಬದಲಾಗಿ, ಕತ್ತಲೆಯ ಮೂಲೆಗೆ ಹೋಗಿ, ಮತ್ತೆ ಬೆಳಕಿಗೆ ಬಂದಾಗ ನಿಲ್ಲಿಸಿದರು.

"ಇದೇನು? ಜಾಗ ಬೇರೆ, ತಟ್ಟೆ ಬೇರೆ, ಆಮೇಲೆ ಲೆನ್ಸು ಕೊಳೆ."

ಏನೆಂದು ಹೇಳಿದೆ. ಅವರು ಮೇಜಿನ ಮೇಲಿನ ಪೆನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

"ಮನೆ ವಿಷಯ ಮನೆಲಿ ಇರ್ಲಿ ಮಾ. ವಾರ್ಷಿಕ ಪ್ರದರ್ಶನಕ್ಕೆ ದೊಡ್ಡವರು ಬರ್ತಾರೆ. ಅದನ್ನ ತೆಗೆದ್ರೆ ಎಷ್ಟು ಚೆನ್ನಾಗಿ ಹರಿಯುತ್ತೆ ನೋಡು. ನೂರು ಸೆಕೆಂಡಲ್ಲಿ ಎಲ್ಲಾ ತಿಂಗಳದ್ದೂ ಸೇರಿ ಒಂಬತ್ತು ಹೋದ್ರೆ ಏನು ನಷ್ಟ?"

"ನನ್ನ ತಿಂಗಳಲ್ಲಿ ಮೂರು ದಿನ ಹೋಗುತ್ತಲ್ಲ ಸಾರ್."

"ಅನಿಮೇಷನ್ ಅಂದ್ರೆ ಚಲನೆ. ಇದು ಚಲನೆ ಅಲ್ಲ, ಜಿಗಿತ. ತೆಗೆದ್ರೆ ಪ್ರದರ್ಶನದಲ್ಲಿ ನಿನ್ನ ಚಿತ್ರ ಮೊದಲನೇದು. ಇಲ್ಲಾಂದ್ರೆ ಪಟ್ಟಿಯಲ್ಲೇ ಇರಲ್ಲ."

ಆ ಪ್ರದರ್ಶನ ನನಗೆ ಬೇಕಿತ್ತು. ಚಿತ್ರ ಮಾಡುವ ಕಂಪನಿಗಳವರು ಅಲ್ಲಿಗೆ ಬಂದು ಹುಡುಗ ಹುಡುಗಿಯರನ್ನು ಆರಿಸಿಕೊಂಡು ಹೋಗುತ್ತಿದ್ದರು. ಬೇಡವೆಂದು ಹೇಳುವಷ್ಟು ಶ್ರೀಮಂತಿಕೆ ನನಗಿರಲಿಲ್ಲ. ಆದರೂ ಮೆಟ್ಟಿಲಿಳಿಯುವಾಗ ಸಿಟ್ಟು ನೆತ್ತಿಗೇರಿತ್ತು. ಚಲನೆ ಬೇಕಂತೆ. ಸರಿ, ತಟ್ಟೆ ಚಲಿಸಲಿ. ಸಂದಿನಿಂದ ಹೊರಟು, ಹೊಸಿಲು ದಾಟಿ, ಗಳದ ಕೆಳಗಿನ ತನ್ನ ಜಾಗಕ್ಕೆ ತಾನೇ ನಡೆದು ಹೋಗಲಿ. ಆಗ ಜಿಗಿತ ಎನ್ನುವವರು ಯಾರು?

ಗೆಳತಿಯೊಬ್ಬಳು ಬುದ್ಧಿ ಹೇಳಿದಳು, ಸುಮ್ಮನೆ ಹೊರಗಾಗದ ಬೇರೆ ಯಾವುದಾದರೂ ದಿನ ತಟ್ಟೆ ನಡೆಸಿ ಫೋಟೋ ತೆಗೆದುಬಿಡು, ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದು. ಗೊತ್ತಾಗುವುದಿಲ್ಲ, ನಿಜ. ಹದಿಮೂರನೆಯ ದಿನವೂ ಯಾರಿಗೂ ಗೊತ್ತಾಗಿರಲಿಲ್ಲ. ಇನ್ನೊಂದು ಸಲ ಕಳ್ಳತನ ಬೇಡವೆಂದೆ.

ಮೂರನೆಯ ತಿಂಗಳು ಸಂದಿನಲ್ಲಿ ಕೂತು ದೂರ ಅಳೆದೆ. ನಾಲ್ಕನೆಯ ತಿಂಗಳಿಗೆ ಕಾದೆ. ಶಿವರಾತ್ರಿ ಕಳೆದಿತ್ತು, ತಗಡು ಒಂಬತ್ತಕ್ಕೇ ಸುಡುತ್ತಿತ್ತು. ಅಮ್ಮ, ಅಪ್ಪ ಹೊರಟಾಗಿತ್ತು. ನಾನು ಮೊಸರನ್ನ ತುಂಬಿದ ಸೊಟ್ಟ ತಟ್ಟೆಯನ್ನು ಒಗೆಯುವ ಕಲ್ಲಿನ ಬಳಿ ಇಟ್ಟೆ. ಕ್ಯಾಮೆರಾ ಒತ್ತಿದೆ. ಎರಡು ಬೆರಳಿನಷ್ಟು ಸರಿಸಿದೆ. ಒತ್ತಿದೆ. ಹದಿನೈದನೆಯ ಫೋಟೋಕ್ಕೆ ಇರುವೆಗಳು ಬಂದು ತಟ್ಟೆಯ ಹಿಂದೆ ಸಾಲುಹಿಡಿದವು. ಅವುಗಳನ್ನು ಓಡಿಸಲಿಲ್ಲ, ನನ್ನ ಕಡೆ ಅಷ್ಟಾದರೂ ಜನ ಇರಲಿ ಎಂದುಕೊಂಡೆ. ಮೂವತ್ತೈದನೆಯದಕ್ಕೆ ಹೊಸಿಲು ಒಂದು ಗೇಣು ದೂರವಿತ್ತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರೆ ಹೊಸಿಲಿನ ಆಚೆ ಎರಡು ಪಾದ.

"ಏನೇ ಇದು, ತಟ್ಟೆಗೆ ಕಾಲು ಬಂತಾ?"

"ಒಳಗೆ ಬರ್ತಾ ಇದೆ ಅತ್ತೆ."

"ಯಾರು ಬಿಡ್ತಾರೆ?"

"ನೀವು ಬಿಡಬೇಡಿ. ಅದು ನಿಲ್ಲಲ್ಲ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು, ನಾನೂ ಬೈದು ಎದ್ದುಹೋಗುತ್ತಿದ್ದೆ. ಮಡಿಸೀರೆಯ ಅಂಚು ಸ್ವಲ್ಪ ಎತ್ತಿ ಹಿಡಿದು, ಸೌಟು ಕೈಯಲ್ಲೇ ಇಟ್ಟುಕೊಂಡು, ಹೊಸಿಲಿಗೆ ಅಡ್ಡ ನಿಂತರು. ನಾನು ಎರಡು ಬೆರಳು ಸರಿಸಿ ಒತ್ತಿದೆ. ಅವರು ಕದಲಲಿಲ್ಲ. ಮತ್ತೆ ಸರಿಸಿದೆ. ತಟ್ಟೆಯ ಸೊಟ್ಟ ಅಂಚು ಮರದ ಹೊಸಿಲಿಗೆ ತಾಗಿ ಟಣ್ ಎಂದಿತು. ಹಿಂದಕ್ಕೆ ಎಳೆದು ಮತ್ತೆ ತಾಗಿಸಿದೆ, ಒತ್ತಿದೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಸಂಜೆಗೆಂದು ಒಲೆಯ ಮೇಲಿಟ್ಟಿದ್ದ ಹುಳಿ ಸೀಯುವ ವಾಸನೆ ಇಬ್ಬರ ಮೂಗಿಗೂ ಬಂತು. ಅವರು ತಿರುಗಿ ನೋಡಲಿಲ್ಲ, ನಾನು ಹೇಳಲಿಲ್ಲ. ಅವರು ಒಲೆಯ ಕಡೆ ಹೋದರೆ ತಟ್ಟೆ ಒಳಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಕ್ಯಾಮೆರಾದ ಬ್ಯಾಟರಿ ಮೊದಲು ಸೋತಿತು. ಪರದೆ ಕಪ್ಪಾದಾಗ ಅತ್ತೆ, "ಮುಗೀತಾ?" ಎಂದರು. ಮುಗಿಯಿತು ಎಂದೆ. ಆಮೇಲೆ ಹೋಗಿ ಒಲೆ ಆರಿಸಿದರು. ಅವರ ಕೈಯಲ್ಲಿ ಹುಳಿ ತಳ ಹಿಡಿದದ್ದು ನನ್ನ ಇಪ್ಪತ್ತು ವರ್ಷದಲ್ಲಿ ಅದೊಂದೇ ಸಲ. ಸಂಜೆ ಅಪ್ಪ ಅದನ್ನೇ ಕಲಸಿಕೊಂಡು ತಿಂದರು.

ಚಿತ್ರ ಅಲ್ಲಿಗೇ ನಿಂತಿತು. ಮಿಕ್ಕ ದಿನಗಳೆಲ್ಲ ಆದ ಮೇಲೆ, ಕೊನೆಗೆ, ಸೊಟ್ಟ ತಟ್ಟೆ ಇರುವೆಗಳ ಮೆರವಣಿಗೆ ಕಟ್ಟಿಕೊಂಡು ಬಂದು ಹೊಸಿಲಿಗೆ ಟಣ್ ಟಣ್ ಎಂದು ಹಾಯುತ್ತದೆ. ಆಚೆ ಎರಡು ಪಾದ. ನಾನು ಒಂದು ಫೋಟೋವನ್ನೂ ಕೀಳಲಿಲ್ಲ. ಮಬ್ಬು ಚಂದ್ರನೂ ಹಾಗೇ ಇದ್ದ. ಸೆಲ್ವಂ ಸಾರ್ ಎರಡು ಸಲ ನೋಡಿ, "ಕೆಲಸ ಚೆನ್ನಾಗಿದೆ" ಎಂದರು. ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ.

ಪ್ರದರ್ಶನದ ದಿನ ಸಭಾಂಗಣದಲ್ಲಿ ಜೇಡಿಮಣ್ಣು, ಬೆಂಕಿಕಡ್ಡಿ ಓಡಾಡುತ್ತಿದ್ದಾಗ ನಾನು ಕಾರಿಡಾರಿನ ಕೊನೆಯ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದಿಟ್ಟು, ಒಂದು ಮಾನಿಟರಿನಲ್ಲಿ ನನ್ನ ಚಿತ್ರ ಹಾಕಿ, ಪಕ್ಕದಲ್ಲಿ ನಿಂತೆ. ಅದು ಮುಗಿದ ಕೂಡಲೇ ಮತ್ತೆ ಶುರುವಾಗುತ್ತಿತ್ತು. ಮೊದಲು ಇಬ್ಬರು ಬಂದರು. ಊಟಕ್ಕೆ ಬಿಟ್ಟಾಗ ಕೋಣೆ ತುಂಬಿತು. ಹುಡುಗಿಯರು ಬಂದರು, ನಗುತ್ತಾ ನೋಡಿದರು, ಸಂದಿನ ತಟ್ಟೆ ಎರಡನೆಯ ಸಲ ಬಂದಾಗ ನಗು ನಿಲ್ಲಿಸಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುಡುಗರಿಗೆ ಅವರೇ ಹೇಳಿದರು.

ಆಗ ಅತ್ತೆ ಬಂದರು, ಅಪ್ಪನ ಜೊತೆ. ಕೈಯಲ್ಲಿ ಮನೆಯ ನೀರಿನ ಬಾಟಲಿ. ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರನ್ನು ತಡೆಯಲೂ ಆಗಲಿಲ್ಲ, ಚಿತ್ರ ನಿಲ್ಲಿಸಲೂ ಮನಸ್ಸು ಬರಲಿಲ್ಲ. ತಮ್ಮ ಗೊಜ್ಜು, ತಮ್ಮ ಪಲ್ಯ, ತಮ್ಮ ಚಟ್ನಿಪುಡಿ ಒಂದೊಂದೇ ಸೆಕೆಂಡಿಗೆ ಬಂದುಹೋಗುವುದನ್ನು ಅವರು ನಿಂತು ನೋಡಿದರು. ಕೊನೆಯಲ್ಲಿ ಪಾದಗಳು ಬಂದವು. ಒಬ್ಬ ಹುಡುಗಿ, ಯಾರನ್ನೂ ಕುರಿತಲ್ಲದೆ, "ಇದು ಯಾರ ಕಾಲು?" ಎಂದು ತಮಿಳಿನಲ್ಲಿ ಕೇಳಿದಳು.

"ಎನ್ನುದು" ಎಂದರು ಅತ್ತೆ. ನನ್ನದು.

ಬಾಗಿಲ ಬಳಿ ಸೆಲ್ವಂ ಸಾರ್ ನಿಂತಿದ್ದರು. ಅತ್ತೆ ಸೆರಗು ಹೊದ್ದುಕೊಂಡು ಮತ್ತೂ ಹೇಳಿದರು, "ನಾನೇ ತಡೆದೆ. ಮುಚ್ಚುಮರೆ ಏನೂ ಇಲ್ಲ." ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಆಟೋದಲ್ಲಿ ಅಪ್ಪ ಮುಂದೆ ಡ್ರೈವರನ ಪಕ್ಕ ಮುದುಡಿಕೊಂಡಿದ್ದರು. ನಾನು ಕ್ಷಮೆ ಕೇಳಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಮೌಂಟ್ ರೋಡ್ ದಾಟಿದ ಮೇಲೆ ಅತ್ತೆ ಶುರುಮಾಡಿದರು.

"ಟೀಚರ್ ಟ್ರೈನಿಂಗಿಗೆ ನಂಗೆ ಸೀಟ್ ಸಿಕ್ಕಿತ್ತು, ಗೊತ್ತಾ ನಿಂಗೆ? ನಮ್ಮವರು ಹೋಗಿ ಒಂದು ವರ್ಷ ಆಗಿತ್ತು. ಪೆಟ್ಟಿಗೆ ಹಿಡ್ಕೊಂಡು ಹೊರಟೆ. ನಿಮ್ಮ ತಾತ ಬಂದು ಬಾಗಿಲಲ್ಲಿ ನಿಂತ್ರು. ಬೈಲಿಲ್ಲ, ಹೊಡೀಲಿಲ್ಲ. ಸುಮ್ಮನೆ ನಿಂತ್ರು. ನಾನು ತಲೆ ಬಗ್ಗಿಸಿ ಅವರ ಕಾಲನ್ನೇ ನೋಡ್ತಾ ಇದ್ದೆ. ಆಮೇಲೆ ಒಳಗೆ ಹೋಗಿ ಅಕ್ಕಿ ತೊಳೆದೆ." ಬಾಟಲಿಯ ಮುಚ್ಚಳ ತೆಗೆದು, ಕುಡಿಯದೆ ಮತ್ತೆ ಮುಚ್ಚಿದರು. "ಆ ಕಾಲಿನ ಫೋಟೋ ಯಾರೂ ತೆಗೀಲಿಲ್ಲ."

ಅಪ್ಪ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಅತ್ತೆ ಇದರಿಂದ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ತಿಂಗಳೂ ಸಂದೇ, ಸೊಟ್ಟ ತಟ್ಟೆಯೇ. ಮೇಲಿನಿಂದ ಅನ್ನ ಹಾಕುತ್ತಾ, "ಡಬ್ಬಿ ಬೇಡವಾ ಇವತ್ತು?" ಎಂದು ಕೇಳಿದರು, ಅಷ್ಟೇ. ಬೇಕು ಎಂದೆ. ಪರೀಕ್ಷೆ ಮುಗಿದಿತ್ತು, ಅಂಕ ಬಂದಾಗಿತ್ತು, ಕಾಲೇಜಿಗೆ ಕ್ಯಾಮೆರಾ ಹಿಂದಿರುಗಿಸಿಯೂ ಆಗಿತ್ತು. ಆದರೂ ಬೇಕು ಎಂದೆ. ಆ ಮನೆ ಬಿಡುವ ತನಕ ನಾನು ಒಂದು ತಿಂಗಳೂ ಅಲ್ಲಿ ಸುಮ್ಮನೆ ಕೂರಲಿಲ್ಲ, ಕ್ಯಾಮೆರಾ ಇಲ್ಲದೆಯೂ ತಟ್ಟೆಯನ್ನು ಹೊಸಿಲಿಗೆ ತಾಗಿಸುತ್ತಿದ್ದೆ. ಅವರೂ ಒಂದು ತಿಂಗಳೂ ಹೊಸಿಲು ಬಿಟ್ಟುಕೊಡಲಿಲ್ಲ. ಅತ್ತೆ ಹೋಗಿ ಈಗ ನಾಲ್ಕು ವರ್ಷ.

ಬಡಿಸುವವನು ಬಾಳೆಲೆ ಹಾಸಿದ ತಟ್ಟೆ ತಂದು ಬೆಂಚಿನ ಮೇಲೆ ಇಟ್ಟ. ಅನ್ನ, ತಳ ಹಿಡಿದ ಸಾಂಬಾರು, ಬೀನ್ಸ್ ಪಲ್ಯ. ನಾನು ತಟ್ಟೆ ಎತ್ತಿಕೊಂಡು ಎದ್ದೆ. "ಉಳ್ಳೆ ಫ್ಯಾನ್ ಕೂಡ ಇಲ್ಲೆಮ್ಮಾ" ಎಂದು ಅವನು ಹಿಂದಿನಿಂದ ಕೂಗಿದ. ಪರವಾಗಿಲ್ಲ ಎಂದೆ, ಕನ್ನಡದಲ್ಲೇ. ಹೊಸಿಲು ಅದೇ ಮರದ್ದು, ತಟ್ಟೆ ತಾಗಿ ತಾಗಿ ಬಿದ್ದ ಗಾಯ ಇನ್ನೂ ಇತ್ತು. ಅದನ್ನು ದಾಟಿ ಅಡುಗೆಮನೆಯೊಳಗೆ ಹೋಗಿ, ಒಲೆಯ ಪಕ್ಕ ಬೋರಲು ಹಾಕಿದ್ದ ಎಣ್ಣೆ ಡಬ್ಬಿಯ ಮೇಲೆ ಕೂತು, ಅನ್ನ ಕಲಸಿದೆ.